ಫಿನೈಲು ಕೂತ್ಕೊಂಡ ದಿನ

ಹೆರಿಗೆ ಆಸ್ಪತ್ರೆಯ ತೊಟ್ಟಿಲ ಕಾಲಲ್ಲಿ ಒಂದು ರೋಗಾಣು ಇತ್ತು. ಊರಲ್ಲಿರೋ ಮಾತ್ರೆಗಳನ್ನೆಲ್ಲ ನುಂಗಿ ಅರಗಿಸ್ಕೊಂಡಿದ್ದ ಭೂಪ. ಅದಕ್ಕೆ ಮೀಸೆ ಬೇರೆ ಇತ್ತು, ನಾನೇ ಕಣ್ಣಾರೆ ನೋಡಿದೀನಿ. ಸಂಜೆ ಆ ತೊಟ್ಟಿಲಿಗೆ ಹಸುಗೂಸು ಬರೋದಿತ್ತು.

"ಅಷ್ಟರೊಳಗೆ ಇವನನ್ನ ನಾನು ಮುಗಿಸ್ತೀನಿ, ನಂದು ಗಿಡದ ಶಕ್ತಿ," ಅಂತು ಬೇವಿನ ಕಷಾಯ.

"ಪಕ್ಕಕ್ಕೆ ಸರಿ ತಾಯಿ, ನಂದು ಫ್ಯಾಕ್ಟರಿ ಶಕ್ತಿ," ಅಂತು ಫಿನೈಲು.

ಕಷಾಯ ಮೊದಲು ಹೋಯ್ತು. ಹಿಂದೇನೇ ಬಟ್ಟೆ ಬಂದು ಒರೆಸ್ತು. ರೋಗಾಣು ಒಂಚೂರು ಕೆಮ್ಮಿ ಮೀಸೆ ತಿರುವ್ತು. ಆಮೇಲೆ ಫಿನೈಲು ಹೋಯ್ತು, ಒಂದು ಮುಚ್ಚಳ ಫಿನೈಲಿಗೆ ಬಕೆಟ್ ತುಂಬ ನೀರು. ವಾಸನೆ ಪಕ್ಕದ ತಾಲ್ಲೂಕಿನ ತನಕ ಹೋಯ್ತು. ಅದನ್ನೂ ಬಟ್ಟೆ ಒರೆಸಿಬಿಡ್ತು.

"ಒಳ್ಳೇ ಸ್ನಾನ ಆಯ್ತಪ್ಪ, ಬೆನ್ನುಜ್ಜೋರು ಯಾರಾದ್ರೂ ಇದೀರಾ?" ಅಂತು ರೋಗಾಣು.

ಫಿನೈಲು ಬಿಡ್ಲಿಲ್ಲ. "ಬಕೆಟ್ಟಕ್ಕ, ಈ ಸಲ ನಾನು ಇಳಿಯೋ ಮುಂಚೆ ಬಾಟ್ಲಿ ಮೇಲೆ ಬರೆದಿರೋಷ್ಟೇ ನೀರಿಟ್ಕೊ, ಮಿಕ್ಕಿದ್ದು ಚೆಲ್ಲು. ಬಟ್ಟೆಯಣ್ಣ, ನಾನು ಒಣಗೋ ತನಕ ಹತ್ರ ಬರಬೇಡ."

"ಮತ್ತೆ ನಾನು?" ಅಂತು ಕಷಾಯ.

"ನೀನು ಅವನಿಗೆ ಕೆಮ್ಮಾದ್ರೂ ಬರಿಸ್ದೆ ತಾಯಿ, ನನ್ನ ಕೈಲಿ ಅದೂ ಆಗ್ಲಿಲ್ಲ. ಈಗ ನೋಡ್ತಾ ಇರು."

ಫಿನೈಲು ಹೋಗಿ ತೊಟ್ಟಿಲ ಕಾಲ ಮೇಲೆ ಕೂತ್ಕೊಂತು. ರೋಗಾಣು ನಕ್ಕಿತು. ಸ್ವಲ್ಪ ಹೊತ್ತಿಗೆ ನಗು ನಿಂತು ಮೀಸೆ ಉದುರ್ತು.

"ದಿನಾ ನೀನು ಬಂದ ದಾರೀಲೇ ಓಡ್ತಿದ್ದೆ. ಇವತ್ತ್ಯಾಕಯ್ಯಾ ಕೂತೆ?" ಅಂತು ರೋಗಾಣು.

"ಕೂಸು ಬರೋ ಹೊತ್ತಾಯ್ತು," ಅಂತು ಫಿನೈಲು, ಕೂತಲ್ಲಿಂದ ಅಲ್ಲಾಡ್ಲಿಲ್ಲ.