ಆನೆ ತುಳಿದ ಕಾಂಕ್ರೀಟು

"ನನ್ನನ್ನು ಹಾಸಿದ ದಿನ ಸಂಜೆಯೇ ಒಂದು ಆನೆ ನನ್ನ ಮೇಲೆ ನಡೆದುಹೋಯಿತು. ಒಂದು ಗೀರೂ ಬೀಳಲಿಲ್ಲ," ಎಂದಿತು ಗೇಟಿನಿಂದ ಕಾರು ಶೆಡ್ಡಿನವರೆಗೆ ಮಲಗಿದ್ದ ಹಳೆಯ ಕಾಂಕ್ರೀಟು. ಆಗಿನ ಗೇಟು ಗುಜರಿಗೆ ಹೋಗಿತ್ತು, ಆಗಿನ ಬೇವಿನ ಮರ ಸೌದೆಯಾಗಿತ್ತು. ಅಲ್ಲವೆನ್ನಲು ಯಾರೂ ಉಳಿದಿರಲಿಲ್ಲ.

ರಿಪೇರಿಗೆ ಬಂದ ಮೇಸ್ತ್ರಿ ಯಂಕೋಬನ ಉಳಿ ವಿನಯದಿಂದ ಕೇಳಿತು: "ಇರಬಹುದು ಅಜ್ಜಾ. ನಿಮ್ಮ ಮೈ ನಡುವಿನ ಬಿರುಕು ಎಷ್ಟು ಆಳ, ಅದನ್ನು ಹೇಳಿ."

"ಬಿರುಕೇ? ಮಳೆನೀರು ಹರಿಯಲೆಂದು ನಾನೇ ಎಳೆದುಕೊಂಡ ಗೆರೆ ಅದು. ಮೇಲೊಂದಿಷ್ಟು ಸಿಮೆಂಟು ಸವರಿ ಹೊರಡು."

"ಮೇಲೆ ಸವರಿದ್ದು ಕಾರಿನ ಚಕ್ರಕ್ಕೆ ಎಂಟೇ ದಿನದಲ್ಲಿ ಕಿತ್ತು ಬರುತ್ತದೆ. ಆಗ ಯಜಮಾನರು ನಿಮ್ಮನ್ನು ಪೂರ್ತಿ ಅಗೆಸಿ ಟೈಲ್ಸ್ ಹಾಕಿಸುತ್ತಾರೆ. ಸಡಿಲವಾದದ್ದನ್ನು ಒಡೆದು, ತೊಳೆದು ತುಂಬಿ, ಏಳು ದಿನ ಗೋಣಿತಾಟು ಹೊದಿಸಿ ನೀರು ಕುಡಿಸಿದರೆ ಬದುಕುತ್ತೀರಿ."

ಟೈಲ್ಸ್ ಎಂಬ ಮಾತಿಗೆ ಮುದಿ ಕಾಂಕ್ರೀಟಿನ ಎದೆ ಧಸಕ್ಕೆಂದಿತು. ಆದರೂ ಬಿಗಿದುಕೊಂಡೇ ಹೇಳಿತು: "ಆನೆಗೆ ಜಗ್ಗದವನು ನಾನು. ಅಂಗೈಯುದ್ದದ ಕಬ್ಬಿಣಕ್ಕೆ ಮೈಯೊಡ್ಡಲೇ?"

ಅಷ್ಟರಲ್ಲಿ ಪಾಚಿ ಉಜ್ಜುತ್ತಾ ಬಂದ ತಂತಿ ಬ್ರಷ್ಷು ಥಟ್ಟನೆ ನಿಂತಿತು. ಪಾಚಿಯ ಕೆಳಗೆ ನಾಲ್ಕು ಪುಟ್ಟ ಹೆಜ್ಜೆಗಳು ಅಚ್ಚೊತ್ತಿದ್ದವು.

"ಅಜ್ಜಾ," ಎಂದಿತು ಬ್ರಷ್ಷು, "ಆನೆ ತುಳಿದರೂ ಗೀರು ಬೀಳಲಿಲ್ಲ ಎಂದಿರಿ. ಈ ಬೆಕ್ಕಿನ ಹೆಜ್ಜೆ ಇಷ್ಟು ಆಳಕ್ಕೆ ಹೇಗೆ ಇಳಿಯಿತು?"

ಕಾಂಕ್ರೀಟು ತನಗಿಲ್ಲದ ಭುಜವನ್ನು ಕುಣಿಸಿತು.

"ಆಗಿನ ಕಾಲದ ಬೆಕ್ಕುಗಳು ಹಾಗಿದ್ದವಪ್ಪ. ಹೂಂ ಉಳಿಯೇ, ಎಲ್ಲಿಂದ ಒಡೆಯುತ್ತೀಯೋ ಶುರು ಮಾಡು."