ಎಡಗಾಲು ಸಾಹೇಬರೂ ದಾಕ್ಷಾಯಣಿಯ ಹನ್ನೊಂದು ಉಸಿರೂ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಊರಿನ ಹೆಸರು ಗಿರಕಿಹಾಳ. ರಾಜನ ಹೆಸರು ಕುಪ್ಪಳಸೇನ. ಅವನ ಬಲಗಾಲು ಎಲ್ಲರ ಕಾಲಿನ ಹಾಗೆ ಸುಮ್ಮನಿತ್ತು. ಎಡಗಾಲು ಮಾತ್ರ ಪಟ್ಟಾಭಿಷೇಕದ ದಿನ ಡೊಳ್ಳು ಕೇಳಿ ಕುಣಿಯತೊಡಗಿದ್ದು ಆಮೇಲೆ ನಿಲ್ಲಲೇ ಇಲ್ಲ. ರಾಜನ ಕಾಲು ಒಂಟಿಯಾಗಿ ಕುಣಿದರೆ ಅದಕ್ಕೆ ಅವಮಾನವಲ್ಲವೇ? ಆದ್ದರಿಂದ ಊರೆಲ್ಲ ಕುಣಿಯಬೇಕು ಎಂದಾಯಿತು. ಊರನ್ನೇ ಕುಣಿಸುವ ಕಾಲನ್ನು ಬರೀ ಕಾಲು ಎನ್ನಲಾದೀತೇ? ಅದಕ್ಕೊಂದು ಪುಟ್ಟ ಕಿರೀಟ ಮಾಡಿಸಿ ಎಡಗಾಲು ಸಾಹೇಬರು ಎಂದು ಕರೆದರು. ಕಿರೀಟ ಬಂದ ಮೇಲೆ ಕಾಲಿಗೆ ಮಾತೂ ಬಂತು.

“ಹಾಡು!” ಎಂದರು ಎಡಗಾಲು ಸಾಹೇಬರು.

ಹಾಡು ತಂದರು.

“ಇದು ಹಳೇದಾತು. ಇನ್ನೊಂದು!”

ಇನ್ನೊಂದು ತಂದರು. ಹೀಗೆ ಊರಿನ ಹಾಡೆಲ್ಲ ಮುಗಿದವು. ಆಗ ಕತ್ತರಿ ಮಂತ್ರಿ ಮುಂದೆ ಬಂದ.

“ದೊರೆಗಳೇ, ಅಟ್ಟದ ಮೇಲೆ ಹಳೇ ಗ್ರಾಮಫೋನ್ ಪ್ಲೇಟು ಬೇಕಾದಷ್ಟು ಅದಾವ. ಹಾಡಿನಾಗ ಹಾಡದೇ ಇರೋ ಜಾಗ ಎಲ್ಲಾ ಕತ್ತರಿಸಿ ಒಗೆಯೋಣ. ಉಳಿದಿದ್ದರ ಅಡಿಗೆ ಧಪ್ ಧಪ್ ಅಂತ ಹಾಸೋಣ. ಇದಕ್ಕ ರೀಮಿಕ್ಸ್ ಅಂತಾರ.”

ಮೊದಲು ಒಂದು ಜೋಗುಳವನ್ನು ರೀಮಿಕ್ಸ್ ಮಾಡಿದರು. ತೊಟ್ಟಿಲಿನ ಮಕ್ಕಳೆಲ್ಲ ಎದ್ದು, ಹಾಸಿಗೆ ಮಡಿಸಿಟ್ಟು, ಕೆಲಸ ಹುಡುಕಿಕೊಂಡು ಹೋದವು. ಮದುವೆ ಹಾಡನ್ನು ರೀಮಿಕ್ಸ್ ಮಾಡಿದರು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಮದುಮಕ್ಕಳು ಅಜ್ಜ ಅಜ್ಜಿಯಾಗಿದ್ದರು. ಅಳುವ ಹಾಡನ್ನು ರೀಮಿಕ್ಸ್ ಮಾಡಿದರು. ಕಣ್ಣೀರು ಸೋಮವಾರವೇ ಬಂತು, ಕೆಟ್ಟ ಸುದ್ದಿ ಗುರುವಾರ ಬಂತು.

ಕತ್ತರಿಸಿದ ಮೌನವನ್ನು ಅರಮನೆಯ ಹಿಂದೆ ರಾಶಿ ಹಾಕಿದರು. ಆ ರಾಶಿಯ ಮೇಲೆ ಕೂತು ಹುಂಜ ಕೂಗಿದರೆ ಕೊಕ್ಕು ಆಡುವುದು ಕಾಣುತ್ತಿತ್ತು, ಕೂಗು ಕೇಳುತ್ತಿರಲಿಲ್ಲ.

ಅದೇ ಊರಿನಲ್ಲಿ ಮಾಲತೇಶಪ್ಪ ಎಂಬವನಿದ್ದ. ತೀರಿಹೋದವರ ಸೀರೆ, ಧೋತರಗಳನ್ನು ತುಂಡು ತುಂಡಾಗಿ ಜೋಡಿಸಿ, ಇದ್ದವರಿಗೆ ಹೊದೆಯಲು ಕೌದಿ ಹೊಲಿದುಕೊಡುವುದು ಅವನ ಕೆಲಸ. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುವುದು ಅಲ್ಲಿನ ಪದ್ಧತಿ. ಹಸಿದ ಕೌದಿ ಚಳಿ ತಡೆಯುವುದಿಲ್ಲ. ಮಾಲತೇಶಪ್ಪ ಊರಿನವರ ಸೀರೆಗಳನ್ನೆಲ್ಲ ಹೊಲಿದಿದ್ದ. ತೀರಿಹೋದ ತನ್ನ ಹೆಂಡತಿಯ ಸೀರೆಗಳ ಮಡಿಕೆಯನ್ನು ಮಾತ್ರ ಎರಡು ವರ್ಷವಾದರೂ ಬಿಚ್ಚಿರಲಿಲ್ಲ.

ಅವನ ಹೆಂಡತಿ ದಾಕ್ಷಾಯಣಿ ಜಾಝ್ ಹಾಡುತ್ತಿದ್ದಳು. ಎಲ್ಲಿ ಕಲಿತಳು ಅಂತೀರಾ? ದೂರದೇಶದ ಕಹಳೆಯೊಂದು ದಾರಿ ತಪ್ಪಿ ಅವಳ ತವರುಮನೆಗೆ ಬಂದು ಮೂರು ತಿಂಗಳು ಉಳಿದಿತ್ತು. ಅದೇ ಕಲಿಸಿತು.

“ಜಾಝ್ ಅಂದ್ರ ಏನವ್ವಾ ದಾಕ್ಷಾಯಣಿ?” ಎಂದು ನೆರೆಯವರು ಕೇಳುತ್ತಿದ್ದರು.

“ಮನಿ ದಾರಿ ಗೊತ್ತಿದ್ರೂ ಒಂದು ಸುತ್ತು ಹಾಕ್ಕೊಂಡು ಬರೋದು,” ಎನ್ನುತ್ತಿದ್ದಳು.

ಅವಳು ಹಾಡಿದ್ದು ಒಂದೇ ಪ್ಲೇಟು. ಅದರಲ್ಲಿ ಹನ್ನೊಂದು ಸಾಲು. ಪ್ರತಿ ಸಾಲಿಗೆ ಮುಂಚೆ ಅವಳು ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಹಾಡು ಎಲ್ಲರದು. ಉಸಿರು ಮಾಲತೇಶಪ್ಪನದು. ಉಸಿರು ಎಳೆದುಕೊಂಡವಳು ಇನ್ನೇನು ಹಾಡುತ್ತಾಳೆ. ಇನ್ನೇನು ಹಾಡುವವಳು ಇನ್ನೂ ಇದ್ದಾಳೆ. ಗ್ರಾಮಫೋನಿನ ಮುಳ್ಳು ತಾಗಿದರೆ ಉಸಿರು ಸವೆದೀತು ಎಂದು ಅವನು ಪ್ಲೇಟನ್ನು ಏಳು ಕೌದಿಗಳ ಕೆಳಗೆ ಮುಚ್ಚಿಟ್ಟಿದ್ದ.

ಪ್ಲೇಟಿನ ಮೇಲೊಂದು ಗೀರು ಬಿದ್ದಿತ್ತು. ಆದ್ದರಿಂದ ಅದು ಏನೇ ಹೇಳಿದರೂ ಮೂರು ಸಲ ಹೇಳುತ್ತಿತ್ತು.

“ಶೆಕಿ ರೀ, ಶೆಕಿ ರೀ, ಶೆಕಿ ರೀ.”

“ಸುಮ್ನಿರವ್ವಾ,” ಎಂದು ಮಾಲತೇಶಪ್ಪ ಎಂಟನೆಯ ಕೌದಿ ಹೊದಿಸುತ್ತಿದ್ದ.

ಒಂದು ದಿನ ಕತ್ತರಿ ಮಂತ್ರಿ ಎಷ್ಟು ಚೆನ್ನಾಗಿ ಕತ್ತರಿಸಿದನೆಂದರೆ ಧಪ್ಪಿಗೂ ಧಪ್ಪಿಗೂ ನಡುವೆ ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಕಾಲು ಎತ್ತಬೇಕಾದರೆ ಎರಡು ಪೆಟ್ಟಿನ ನಡುವೆ ಜಾಗ ಬೇಕಲ್ಲ? ಜಾಗವೇ ಇಲ್ಲ. ಎಡಗಾಲು ಸಾಹೇಬರು ನೆಲಕ್ಕೆ ಅಂಟಿಕೊಂಡರು. ಕುಣಿಯುತ್ತಿದ್ದ ಊರೂ ಅಂಟಿಕೊಂಡಿತು. ಹಾಲು ಕೊಡುವ ಬಸಲಿಂಗವ್ವ ಮಾಲತೇಶಪ್ಪನ ಬಾಗಿಲಲ್ಲಿ ಅಂಟಿಕೊಂಡಳು. ನಾಯಿಯದು ಮಾತ್ರ ಮೂರೇ ಕಾಲು ಅಂಟಿದವು. ನಾಲ್ಕನೆಯದನ್ನು ಅದು ಕಂಬದ ಹತ್ತಿರ ಎತ್ತಿಕೊಂಡಿತ್ತು.

ಹಿತ್ತಲಿನ ರಾಶಿಯಿಂದ ಮೌನವನ್ನು ನಿಂತಲ್ಲಿಂದಲೇ ಕೈಯಿಂದ ಕೈಗೆ ದಾಟಿಸಿ ತಂದು ಹಾಡಿಗೆ ಹಾಕಿ ನೋಡಿದರು. ಕತ್ತರಿಸಿ ನಾಲ್ಕು ದಿನವಾದ ಮೌನ, ಹಳಸಿತ್ತು. ಹಿಡಿಯಲಿಲ್ಲ.

ಹೆಂಡತಿ ತೀರಿದ ಮೇಲೆ ಕುಣಿಯದೇ ಇದ್ದವನು ಮಾಲತೇಶಪ್ಪ ಒಬ್ಬನೇ. ಆದ್ದರಿಂದ ಅಂಟದೇ ಇದ್ದವನೂ ಅವನೊಬ್ಬನೇ. ಊರಿನಲ್ಲಿ ಕತ್ತರಿ ತಾಗದೆ ಉಳಿದ ಪ್ಲೇಟೂ ಅವನ ಮನೆಯದೊಂದೇ. ರಾಜನ ಕರೆ ಬಾಯಿಂದ ಬಾಯಿಗೆ ಕೂಗಿಸಿಕೊಂಡು ಅವನ ಬಾಗಿಲಿಗೆ ಬಂತು.

“ಮಾಲತೇಶಣ್ಣಾ,” ಎಂದಳು ಬಸಲಿಂಗವ್ವ, “ಅಕ್ಕನ ಪ್ಲೇಟು ತರಬೇಕಂತ. ಲಗೂನ ಹೋಗಪ್ಪಾ, ಹಾಲು ಕೆಡ್ತಾವ.”

ಅವನು ಪ್ಲೇಟನ್ನು ಕೌದಿಯಲ್ಲಿ ಸುತ್ತಿಕೊಂಡು ಅರಮನೆಗೆ ಹೋದ. ಕತ್ತರಿ ಮಂತ್ರಿಯ ಕಾಲು ಅಂಟಿದ್ದರೂ ಕೈ ಆಡುತ್ತಿತ್ತು.

“ಕೊಡು ಇಲ್ಲಿ. ಮೊದಲು ಉಸಿರು ಕತ್ತರಿಸ್ತೀನಿ. ಉಸಿರಿಗೆ ಯಾರೂ ಕುಣಿಯಂಗಿಲ್ಲ.”

“ಕೈ ಹಿಂದಕ್ಕ ತಗೀರಿ,” ಎಂದ ಮಾಲತೇಶಪ್ಪ. ಅವನು ಜೋರಾಗಿ ಮಾತಾಡಿದ್ದು ಎರಡು ವರ್ಷದಲ್ಲಿ ಅದೇ ಮೊದಲು. “ಹೊಲಿಗಿ ಬಿಚ್ಚೋದು ನನಗ ಗೊತ್ತೈತಿ. ಹಾಡು ನಿಮಗ. ಉಸಿರು ನನಗ.”

ಸೂಜಿಯ ಮೊನೆಯಿಂದ ಮೆಲ್ಲಗೆ ಹಾಡಿನ ಹೊಲಿಗೆ ಬಿಚ್ಚಿ, ಹನ್ನೊಂದು ಉಸಿರನ್ನೂ ತೆಗೆದು ಜೇಬಿಗೆ ಹಾಕಿಕೊಂಡ. ಧಪ್ ಧಪ್ಪನ್ನು ಅಡಿಗೆ ಹಾಸಿ, ಮೇಲೆ ಹಾಡಿನ ತುಂಡುಗಳನ್ನಿಟ್ಟು ಸಣ್ಣ ಸಣ್ಣ ಹೊಲಿಗೆ ಹಾಕಿದ. ಕೊನೆಯ ಮೂಲೆ ಉಳಿಯಿತು. ಪದ್ಧತಿಯಂತೆ ಒಂದು ಚೂರು ರೊಟ್ಟಿ ಇಟ್ಟ.

ಹಾಡು ತಿನ್ನಲಿಲ್ಲ. ಯಾರ ಕಾಲೂ ಏಳಲಿಲ್ಲ.

“ನನಗ್ಯಾಕ ರೊಟ್ಟಿ? ನನಗ್ಯಾಕ ರೊಟ್ಟಿ? ನನಗ್ಯಾಕ ರೊಟ್ಟಿ?” ಎಂದಿತು ಪ್ಲೇಟು. “ಜೇಬು ನೋಡ್ಕೋರಿ.”

ಇದನ್ನು ಅದು ಒಂದೇ ಸಲ ಹೇಳಿತು.

ಮಾಲತೇಶಪ್ಪ ಒಂದು ಉಸಿರು ಹಾಕಿದ. ಸಾಹೇಬರ ಕಿರುಬೆರಳು ಎದ್ದಿತು. ಇನ್ನೊಂದು ಹಾಕಿದ. ಒಂದೊಂದಾಗಿ ಹತ್ತು ಹಾಕಿದ. ಬೆರಳುಗಳೆಲ್ಲ ಎದ್ದವು, ಹಿಮ್ಮಡಿ ಏಳಲಿಲ್ಲ.

“ಇನ್ನೊಂದು ಐತೇನಪ್ಪಾ?” ಎಂದು ಸಾಹೇಬರು ಮೆತ್ತಗೆ ಕೇಳಿದರು. ಕಿರೀಟ ಓರೆಯಾಗಿತ್ತು.

ಇತ್ತು. ಅದು ಹನ್ನೊಂದನೆಯದು, ಎಲ್ಲಕ್ಕಿಂತ ಉದ್ದನೆಯದು. ಪ್ಲೇಟು ಮಾಡುವ ದಿನ ಮಾಲತೇಶಪ್ಪ ಮೂಲೆಯಲ್ಲಿ ಕೌದಿ ಹೊಲಿಯುತ್ತ, ಅವಳನ್ನೇ ನೋಡುತ್ತ, ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದ. ಅದನ್ನು ಕಂಡು ಅವಳಿಗೆ ನಗು ಬಂತು. ನಗುವನ್ನು ನುಂಗಿಕೊಂಡು ಎಳೆದ ಉಸಿರು ಅದು.

“ಇದನ್ನೂ ಕೊಟ್ರ ನನಗೇನು ಉಳೀತೈತಿ?” ಎಂದು ಅವನು ಪ್ಲೇಟನ್ನು ಕೇಳಿದ.

“ಗೊತ್ತಿಲ್ಲ ರೀ, ಗೊತ್ತಿಲ್ಲ ರೀ, ಗೊತ್ತಿಲ್ಲ ರೀ.”

ಮಾಲತೇಶಪ್ಪ ಜೇಬಿನೊಳಗೇ ಆ ಉಸಿರನ್ನು ಬೆರಳಿನಿಂದ ಒಮ್ಮೆ ಸವರಿದ. ಆಮೇಲೆ ಅದನ್ನೂ ಮೂಲೆಗೆ ಹಾಕಿ, ಹೊಲಿಗೆ ಮುಚ್ಚಿ, ಹಲ್ಲಿನಿಂದ ದಾರ ಕಡಿದ.

ಧಪ್ ಧಪ್ ಎಂದು ಶುರುವಾಯಿತು. ಅದರ ಮೇಲೆ ದಾಕ್ಷಾಯಣಿಯ ದನಿ ತಡವಾಗಿ, ಒಂದು ಸುತ್ತು ಹಾಕಿಕೊಂಡು ಬಂತು. ಸಾಲಿಗೂ ಸಾಲಿಗೂ ನಡುವೆ ಅವಳು ಉಸಿರು ಎಳೆದುಕೊಂಡಳು. ಆ ಸಂದಿನಲ್ಲಿ ಊರಿನವರ ಕಾಲು ಎದ್ದಿತು. ಕಾಲೆತ್ತಿದವರು ಉಸಿರು ಎಳೆದುಕೊಳ್ಳದೇ ಇರುತ್ತಾರೆಯೇ? ಅವಳ ಜೊತೆಗೇ ಎಳೆದುಕೊಂಡರು. ರಾಜ ಎಳೆದುಕೊಂಡ, ಮಂತ್ರಿ ಎಳೆದುಕೊಂಡ, ದೂರದ ಬಾಗಿಲಲ್ಲಿ ಬಸಲಿಂಗವ್ವ ಎಳೆದುಕೊಂಡಳು. ಒಬ್ಬಳ ಉಸಿರನ್ನು ಮಾಲತೇಶಪ್ಪ ಊರು ತುಂಬ ಕೇಳಿದ.

ಹನ್ನೊಂದನೆಯದು ಬಂತು. ಊರಿನವರಿಗೆಲ್ಲ ಯಾಕೆಂದು ತಿಳಿಯದೆ ಸ್ವಲ್ಪ ನಗು ಬಂತು. ಆ ಉಸಿರು ಉದ್ದವಾಗಿತ್ತಲ್ಲ, ಅದು ಮುಗಿಯುವವರೆಗೆ ಇಡೀ ಗಿರಕಿಹಾಳ ನೆಲ ಬಿಟ್ಟು ಮೇಲೆಯೇ ನಿಂತಿತ್ತು. ಕೆಳಗೆ ನೋಡಿದಾಗ ಮಾಲತೇಶಪ್ಪನಿಗೆ ತನ್ನ ಕಾಲೂ ನೆಲದ ಮೇಲೆ ಇಲ್ಲದಿರುವುದು ಕಂಡಿತು.

ಅಂದಿನಿಂದ ಗಿರಕಿಹಾಳದಲ್ಲಿ ಯಾವ ಹಾಡನ್ನು ರೀಮಿಕ್ಸ್ ಮಾಡಿದರೂ ಹಾಡಿದವರ ಉಸಿರನ್ನು ಮುಟ್ಟುವಂತಿಲ್ಲ. ಮಂತ್ರಿಯ ಕತ್ತರಿಯನ್ನು ಕೊತ್ತಂಬರಿಗೆ ವರ್ಗ ಮಾಡಿದರು. ಕೆಲಸಕ್ಕೆ ಹೋಗಿದ್ದ ಮಕ್ಕಳು ತೊಟ್ಟಿಲಿಗೆ ವಾಪಸು ಬಂದು ಬೆರಳು ಚೀಪಿದವು. ಮಾಲತೇಶಪ್ಪ ಮನೆಗೆ ಹೋಗಿ ದಾಕ್ಷಾಯಣಿಯ ಸೀರೆಗಳ ಮಡಿಕೆ ಬಿಚ್ಚಿದ, ಸೂಜಿಗೆ ದಾರ ಪೋಣಿಸಿದ.

ಈ ಕತೆಯ ನೀತಿ ಏನಪ್ಪಾ ಅಂದರೆ, ನಾಯಿಯ ಹಾಗೆ ಯಾವಾಗಲೂ ಒಂದು ಕಾಲು ಎತ್ತಿಕೊಂಡಿರಬೇಕು. ಕತೆ ಸುತ್ತು ಹಾಕಿಕೊಂಡು ತನ್ನ ಮನೆಗೆ ಹೋಯಿತು. ನೀವೂ ಒಮ್ಮೆ ಉಸಿರು ಎಳೆದುಕೊಂಡು ನಿಮ್ಮ ನಿಮ್ಮ ಮನೆಗೆ ಹೋಗಿ.