ಮೇಜಿನ ಕೆಳಗೆ ಹೋದ ಬೆಲ್ಲ

ಹೂಂಗುಟ್ಟುತ್ತೀರಾ? ಹೂಂಗುಟ್ಟಿದರೆ ಹೇಳ್ತೀನಿ. ನಡುವೆ ನಿಲ್ಲಿಸಬೇಡಿ. ನಿಲ್ಲಿಸಿದರೆ ನನಗೂ ಭಯ ಆಗುತ್ತೆ.

ತಿಪಟೂರಿನಲ್ಲಿ ಒಂದು ಬೀದಿ. ಬೀದಿಯ ಕೊನೆಗೆ ಒಂದು ಮನೆ. ಮನೆಯಲ್ಲಿ ಇಬ್ಬನಿ ಅಂತ ಒಬ್ಬಳು ಹುಡುಗಿ. ಇಬ್ಬನಿಗೆ ಒಬ್ಬಳು ಅಮ್ಮ. ಇಬ್ಬನಿಗೆ ಒಂದು ಬೆಕ್ಕಿನ ಮರಿ. ಮರಿ ಬೆಲ್ಲದ ಬಣ್ಣ. ಅದಕ್ಕೇ ಅದರ ಹೆಸರು ಬೆಲ್ಲ.

ಅಮ್ಮನಿಗೆ ಆಫೀಸು ಮನೆಯಲ್ಲೇ. ಗೋಡೆ ಪಕ್ಕ ಒಂದು ಮೇಜು. ಮೇಜಿನ ಮೇಲೆ ಕಂಪ್ಯೂಟರು. ಮೇಜಿನ ಕೆಳಗೆ ವೈರು. ಕರಿ ವೈರು, ಬಿಳಿ ವೈರು. ದಪ್ಪ ವೈರು, ಸಣ್ಣ ವೈರು. ದೀಪದ ವೈರು, ಫೋನಿನ ವೈರು. ಒಂದರ ಮೇಲೆ ಒಂದು. ಒಂದರೊಳಗೆ ಒಂದು. ಎಲ್ಲ ಸೇರಿ ಒಂದು ದೊಡ್ಡ ಗಂಟು.

"ನಾಳೆ ಬಿಡಿಸ್ತೀನಿ" ಅಂತಿದ್ದಳು ಅಮ್ಮ. ನಾಳೆ ಬರುತ್ತಿತ್ತು. ಅಮ್ಮ ಬಿಡಿಸುತ್ತಿರಲಿಲ್ಲ. ಗಂಟು ಬೆಳೆಯುತ್ತಿತ್ತು.

ಒಂದು ಸಂಜೆ. ಮೋಡ ಕವಿದಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಅಮ್ಮ ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಿದ್ದಳು. ಮೇಜಿನ ಕೆಳಗಿಂದ ಒಂದು ವೈರಿನ ತುದಿ ಹೊರಗೆ ಬಂತು. ಅಲ್ಲಾಡಿತು. ಬೆಲ್ಲ ನೋಡಿತು. ತುದಿ ಮತ್ತೆ ಅಲ್ಲಾಡಿತು. ಬೆಲ್ಲ ಹಾರಿತು. ತುದಿ ಸರಕ್ಕನೆ ಒಳಗೆ ಹೋಯಿತು. ಬೆಲ್ಲವೂ ಒಳಗೆ ಹೋಯಿತು. ಬಾಲ ಕಾಣಿಸಿತು. ಆಮೇಲೆ ಬಾಲವೂ ಕಾಣಿಸಲಿಲ್ಲ.

"ಬೆಲ್ಲಾ?" ಅಂದಳು ಇಬ್ಬನಿ.

"ಮಿಯಾಂವ್."

ದೂರದಿಂದ ಬಂತು. ಬಾವಿಯ ತಳದಿಂದ ಬಂದ ಹಾಗೆ ಬಂತು.

ಇಬ್ಬನಿ ಬಗ್ಗಿದಳು. ಮೇಜು ಚಿಕ್ಕದು. ಕೆಳಗಿನ ಕತ್ತಲೆ ದೊಡ್ಡದು. ಕತ್ತಲೆಯಲ್ಲಿ ಗಂಟು ಕೂತಿತ್ತು. ಉಸಿರಾಡುತ್ತಿತ್ತು. ಗುಂಯ್... ಗುಂಯ್...

"ಗಂಟೇ ಗಂಟೇ, ಬಿಡು. ನೀನು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

"ಬಿಡಲ್ಲ" ಅಂತು ಗಂಟು. "ನನ್ನ ಮೈಯೆಲ್ಲ ಬಿಸಿ. ನಿನ್ನ ಮರಿ ಮೆತ್ತಗಿದೆ. ಸ್ವಿಚ್ಚು ಆರಲಿ. ಆಗ ಬಿಡ್ತೀನಿ."

ಒಂದು ವೈರು ಮೆಲ್ಲಗೆ ಬಂತು. ಇಬ್ಬನಿಯ ಕಾಲ್ಬೆರಳು ಮುಟ್ಟಿತು. ಬೆಚ್ಚಗಿತ್ತು. ಇಬ್ಬನಿ ಕಾಲು ಹಿಂದಕ್ಕೆ ಎಳೆದುಕೊಂಡಳು.

ಇಬ್ಬನಿ ಸ್ವಿಚ್ಚಿನ ಹತ್ತಿರ ಹೋದಳು. ಸ್ವಿಚ್ಚಿನ ತಲೆಯ ಮೇಲೆ ಒಂದು ಕೆಂಪು ದೀಪ. ಕೆಂಪಗೆ ನೋಡುತ್ತಿತ್ತು. ಸ್ವಿಚ್ಚು ಮುಟ್ಟಬಾರದು ಅಂತ ಅಮ್ಮ ಹೇಳಿದ್ದಳು. ಇಬ್ಬನಿ ಮುಟ್ಟಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬಾಯಲ್ಲಿ ಕೇಳಿದಳು.

"ಸ್ವಿಚ್ಚೇ ಸ್ವಿಚ್ಚೇ, ಆರು. ನೀನು ಆರಿದರೆ ಗಂಟು ಬಿಡುತ್ತೆ. ಗಂಟು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

"ಆರಲ್ಲ" ಅಂತು ಸ್ವಿಚ್ಚು. "ಕಂಪ್ಯೂಟರು ಎದ್ದಿದೆ. ಅದು ಎದ್ದಿರುವಾಗ ನಾನು ಹೇಗೆ ಆರಲಿ? ಕಂಪ್ಯೂಟರು ಮಲಗಲಿ. ಆಗ ಆರ್ತೀನಿ."

"ಮಿಯಾಂ" ಅಂತು ಬೆಲ್ಲ. ಮೊದಲಿಗಿಂತ ದೂರದಿಂದ.

ಇಬ್ಬನಿ ಕಂಪ್ಯೂಟರಿನ ಹತ್ತಿರ ಹೋದಳು. ಅದರ ಮುಖ ನೀಲಿ. ಅದರ ಬೆಳಕು ಬಿದ್ದು ಅಮ್ಮನ ಮುಖವೂ ನೀಲಿ.

"ಕಂಪ್ಯೂಟರೇ ಕಂಪ್ಯೂಟರೇ, ಮಲಗು. ನೀನು ಮಲಗಿದರೆ ಸ್ವಿಚ್ಚು ಆರುತ್ತೆ. ಸ್ವಿಚ್ಚು ಆರಿದರೆ ಗಂಟು ಬಿಡುತ್ತೆ. ಗಂಟು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

"ಮಲಗಲ್ಲ" ಅಂತು ಕಂಪ್ಯೂಟರು. "ನಿಮ್ಮಮ್ಮ ನನ್ನ ಮೇಲೆ ಕೈ ಇಟ್ಟಿದ್ದಾಳೆ. ಟಕ ಟಕ ತಟ್ಟುತ್ತಿದ್ದಾಳೆ. ತಟ್ಟುತ್ತಾ ಇದ್ದರೆ ಯಾರಿಗೆ ನಿದ್ದೆ ಬರುತ್ತೆ? ಅಮ್ಮ ಕೈ ಎತ್ತಲಿ. ಆಗ ಮಲಗ್ತೀನಿ."

"ಮಿಯಾ" ಅಂತು ಬೆಲ್ಲ. ಇನ್ನೂ ದೂರದಿಂದ.

ಇಬ್ಬನಿ ಅಮ್ಮನ ಚೂಡಿದಾರದ ಅಂಚು ಹಿಡಿದಳು. ಎಳೆದಳು. ಅಮ್ಮನ ಕಿವಿಯಲ್ಲಿ ಎರಡು ಕರಿ ಬಿರಡೆ. ಬಿರಡೆಗೆ ಒಂದು ವೈರು. ಅಮ್ಮ ತಿರುಗಲಿಲ್ಲ.

"ಅಮ್ಮಾ ಅಮ್ಮಾ, ಕೈ ಎತ್ತು. ನೀನು ಕೈ ಎತ್ತಿದರೆ ಕಂಪ್ಯೂಟರು ಮಲಗುತ್ತೆ. ಕಂಪ್ಯೂಟರು ಮಲಗಿದರೆ ಸ್ವಿಚ್ಚು ಆರುತ್ತೆ. ಸ್ವಿಚ್ಚು ಆರಿದರೆ ಗಂಟು ಬಿಡುತ್ತೆ. ಗಂಟು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

"ಒಂದೇ ನಿಮಿಷ, ಕಂದಾ" ಅಂದಳು ಅಮ್ಮ.

ಇಬ್ಬನಿ ಕಾದಳು. ಟಕ ಟಕ. ಟಕ ಟಕ.

"ಅಮ್ಮಾ!"

"ಒಂದೇ ನಿಮಿಷ, ಕಂದಾ. ಕಿವಿಯಲ್ಲಿ ದನಿ ಮಾತಾಡ್ತಾ ಇದೆ. ದನಿ ನಿಲ್ಲಲಿ. ಆಗ ಎತ್ತುತ್ತೀನಿ."

ಬಾಯಿ ಅಮ್ಮನದು. ಮಾತು ಅಮ್ಮನ ಮಾತಿನ ಹಾಗಿರಲಿಲ್ಲ. ನಿದ್ದೆಯಲ್ಲಿ ಮಾತಾಡಿದ ಹಾಗಿತ್ತು. ಕಣ್ಣು ಮಾತ್ರ ತೆರೆದೇ ಇತ್ತು.

"ಮಿ" ಅಂತು ಬೆಲ್ಲ.

ಇಬ್ಬನಿ ಕುರ್ಚಿಯ ಪಕ್ಕ ತುದಿಗಾಲಲ್ಲಿ ನಿಂತಳು. ಅಮ್ಮನ ಕಿವಿಯ ಹತ್ತಿರ ಬಾಯಿ ತಂದಳು. ಕಿವಿಯೊಳಗೆ ಯಾರೋ ಮಾತಾಡುತ್ತಿದ್ದರು. ಗಂಡಸಲ್ಲ. ಹೆಂಗಸಲ್ಲ. ಪಿಸ ಪಿಸ, ಪಿಸ ಪಿಸ.

"ದನಿಯೇ ದನಿಯೇ, ನಿಲ್ಲು. ನೀನು ನಿಂತರೆ ಅಮ್ಮ ಕೈ ಎತ್ತುತ್ತಾಳೆ. ಅಮ್ಮ ಕೈ ಎತ್ತಿದರೆ ಕಂಪ್ಯೂಟರು ಮಲಗುತ್ತೆ. ಕಂಪ್ಯೂಟರು ಮಲಗಿದರೆ ಸ್ವಿಚ್ಚು ಆರುತ್ತೆ. ಸ್ವಿಚ್ಚು ಆರಿದರೆ ಗಂಟು ಬಿಡುತ್ತೆ. ಗಂಟು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

ಪಿಸ ಪಿಸ ಒಂದು ಗಳಿಗೆ ತಡೆಯಿತು.

"ಯಾರದು?" ಅಂತು ದನಿ.

"ನಾನು ಇಬ್ಬನಿ."

"ನಿಲ್ಲಲ್ಲ, ಇಬ್ಬನಿ. ಗೋಡೆ ಮೇಲೆ ಒಂದು ಡಬ್ಬಿ ಇದೆ. ಹಸಿರು ಕಣ್ಣಿನ ಡಬ್ಬಿ. ಅದು ನನ್ನ ಕರೀತಾನೇ ಇರುತ್ತೆ. ನಾನು ಬರ್ತಾನೇ ಇರ್ತೀನಿ. ಡಬ್ಬಿ ಕಣ್ಣು ಮುಚ್ಚಲಿ. ಆಗ ನಿಲ್ತೀನಿ."

ಪಿಸ ಪಿಸ, ಪಿಸ ಪಿಸ. ದನಿ ಮತ್ತೆ ಶುರುವಾಯಿತು.

ಇಬ್ಬನಿ ಬೆಲ್ಲನ ಸದ್ದಿಗೆ ಕಾದಳು. ಎಷ್ಟೋ ಹೊತ್ತಿನ ಮೇಲೆ ಬಂತು. ಸೊಳ್ಳೆಯ ಸದ್ದಿನಷ್ಟು ಬಂತು.

ಇಬ್ಬನಿ ಗೋಡೆಯ ಹತ್ತಿರ ಹೋದಳು. ಇಂಟರ್ನೆಟ್ ಡಬ್ಬಿ ಮೇಲಿತ್ತು. ಅದರ ಹಸಿರು ಕಣ್ಣು ಮಿಟುಕುತ್ತಿತ್ತು. ಮಿಣಿಕ್, ಮಿಣಿಕ್. ಇಬ್ಬನಿ ಎಡಕ್ಕೆ ಹೋದರೆ ಎಡಕ್ಕೆ ನೋಡಿತು. ಬಲಕ್ಕೆ ಹೋದರೆ ಬಲಕ್ಕೆ ನೋಡಿತು.

"ಡಬ್ಬಿಯೇ ಡಬ್ಬಿಯೇ, ಕಣ್ಣು ಮುಚ್ಚು. ನೀನು ಕಣ್ಣು ಮುಚ್ಚಿದರೆ ದನಿ ನಿಲ್ಲುತ್ತೆ. ದನಿ ನಿಂತರೆ ಅಮ್ಮ ಕೈ ಎತ್ತುತ್ತಾಳೆ. ಅಮ್ಮ ಕೈ ಎತ್ತಿದರೆ ಕಂಪ್ಯೂಟರು ಮಲಗುತ್ತೆ. ಕಂಪ್ಯೂಟರು ಮಲಗಿದರೆ ಸ್ವಿಚ್ಚು ಆರುತ್ತೆ. ಸ್ವಿಚ್ಚು ಆರಿದರೆ ಗಂಟು ಬಿಡುತ್ತೆ. ಗಂಟು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

"ಮುಚ್ಚಲ್ಲ" ಅಂತು ಡಬ್ಬಿ. "ಮುಚ್ಚೋಕೆ ನನಗೆ ಬರಲ್ಲ. ಹೊರಗಿನ ಕಂಬ ನನಗೆ ಕರೆಂಟು ಕೊಡ್ತಾನೇ ಇದೆ. ಕಂಬ ಅಲುಗಲಿ. ಆಗ ಮುಚ್ತೀನಿ."

ಇಬ್ಬನಿ ಕಿಟಕಿಯ ಹತ್ತಿರ ಓಡಿದಳು. ಕಿಟಕಿ ಮುಚ್ಚಿತ್ತು. ಗಾಜಿನ ಆಚೆ ಕರೆಂಟು ಕಂಬ. ಕಂಬದ ತಂತಿಯ ಮೇಲೆ ಕಾಗೆಗಳ ಸಾಲು. ಒಂದೂ ಕೂಗಲಿಲ್ಲ. ಒಂದೂ ಹಾರಲಿಲ್ಲ. ಎಲ್ಲ ಇಬ್ಬನಿಯನ್ನೇ ನೋಡುತ್ತಿದ್ದವು.

"ಕಂಬವೇ ಕಂಬವೇ, ಅಲುಗು. ನೀನು ಅಲುಗಿದರೆ ಡಬ್ಬಿ ಕಣ್ಣು ಮುಚ್ಚುತ್ತೆ. ಡಬ್ಬಿ ಕಣ್ಣು ಮುಚ್ಚಿದರೆ ದನಿ ನಿಲ್ಲುತ್ತೆ. ದನಿ ನಿಂತರೆ ಅಮ್ಮ ಕೈ ಎತ್ತುತ್ತಾಳೆ. ಅಮ್ಮ ಕೈ ಎತ್ತಿದರೆ ಕಂಪ್ಯೂಟರು ಮಲಗುತ್ತೆ. ಕಂಪ್ಯೂಟರು ಮಲಗಿದರೆ ಸ್ವಿಚ್ಚು ಆರುತ್ತೆ. ಸ್ವಿಚ್ಚು ಆರಿದರೆ ಗಂಟು ಬಿಡುತ್ತೆ. ಗಂಟು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

"ಅಲುಗಲ್ಲ" ಅಂತು ಕಂಬ. "ನನ್ನ ಕಾಲು ಮಣ್ಣಿನೊಳಗಿದೆ. ನಾನಾಗೇ ಅಲುಗೋಕೆ ಆಗಲ್ಲ. ಗಾಳಿ ಬೀಸಲಿ. ಆಗ ಅಲುಗ್ತೀನಿ."

ಗಾಳಿ ಎಲ್ಲಿತ್ತು?

ಕಿಟಕಿಯ ಆಚೆಯೇ ಇತ್ತು. ಕಾಣುತ್ತಿರಲಿಲ್ಲ. ಗಾಜಿನ ಮೇಲೆ ಅದರ ಉಸಿರು ಮಾತ್ರ ಕಾಣುತ್ತಿತ್ತು. ಮಂಜು ಹಿಡಿದ ಹಾಗೆ. ಹಿಡಿದು ಬಿಟ್ಟ ಹಾಗೆ. ಯಾರೋ ಗಾಜಿಗೆ ಮೂಗು ಒತ್ತಿ ಒಳಗೆ ನೋಡುತ್ತಿದ್ದ ಹಾಗೆ.

"ಗಾಳಿಯೇ ಗಾಳಿಯೇ, ಬೀಸು. ನೀನು ಬೀಸಿದರೆ ಕಂಬ ಅಲುಗುತ್ತೆ. ಕಂಬ ಅಲುಗಿದರೆ ಡಬ್ಬಿ ಕಣ್ಣು ಮುಚ್ಚುತ್ತೆ. ಡಬ್ಬಿ ಕಣ್ಣು ಮುಚ್ಚಿದರೆ ದನಿ ನಿಲ್ಲುತ್ತೆ. ದನಿ ನಿಂತರೆ ಅಮ್ಮ ಕೈ ಎತ್ತುತ್ತಾಳೆ. ಅಮ್ಮ ಕೈ ಎತ್ತಿದರೆ ಕಂಪ್ಯೂಟರು ಮಲಗುತ್ತೆ. ಕಂಪ್ಯೂಟರು ಮಲಗಿದರೆ ಸ್ವಿಚ್ಚು ಆರುತ್ತೆ. ಸ್ವಿಚ್ಚು ಆರಿದರೆ ಗಂಟು ಬಿಡುತ್ತೆ. ಗಂಟು ಬಿಟ್ಟರೆ ನನ್ನ ಬೆಲ್ಲ ಬರುತ್ತೆ."

ಗಾಳಿ ಅಂತು, "ಬೀಸ್ತೀನಿ."

ಇಬ್ಬನಿಗೆ ನಂಬಿಕೆಯೇ ಬರಲಿಲ್ಲ. "ನಿಜವಾಗ್ಲೂ?"

"ನಿಜವಾಗ್ಲೂ. ಕಿಟಕಿ ತೆಗಿ. ಈ ಬೀದಿಯಲ್ಲಿ ನನ್ನ ಕಂಡರೆ ಎಲ್ಲರೂ ಕಿಟಕಿ ಹಾಕ್ತಾರೆ. ನಿಮ್ಮನೇದು ತೆಗೆದು ಎಷ್ಟು ಕಾಲ ಆಯ್ತು? ತೆಗಿ. ಒಳಗೆ ಬಿಡು."

"ಒಳಗೆ ಬಂದು ಏನು ಮಾಡ್ತೀಯ?"

"ಬಂದಮೇಲೆ ಗೊತ್ತಾಗುತ್ತೆ."

ಇಬ್ಬನಿಗೆ ಭಯವಾಯಿತು. ಹಿಂದೆ ನೋಡಿದಳು. ಅಮ್ಮನ ಬೆನ್ನು ಕಾಣಿಸಿತು. ಟಕ ಟಕ, ಟಕ ಟಕ. ಮೇಜಿನ ಕಡೆ ಕಿವಿ ಕೊಟ್ಟಳು. ಬೆಲ್ಲನ ಸದ್ದಿಲ್ಲ. ಇನ್ನೂ ಕಾದಳು. ಸದ್ದಿಲ್ಲ. ಸೊಳ್ಳೆಯಷ್ಟೂ ಇಲ್ಲ.

ಇಬ್ಬನಿ ಚಿಲಕ ಹಿಡಿದಳು. ಚಿಲಕ ತುಕ್ಕು ಹಿಡಿದಿತ್ತು. ಒಂದು ಕೈಯಲ್ಲಿ ಎಳೆದಳು. ಬರಲಿಲ್ಲ. ಎರಡು ಕೈಯಲ್ಲಿ ಎಳೆದಳು. ಬರಲಿಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಯೆಲ್ಲ ಹಾಕಿ ಎಳೆದಳು.

ಕಿರ್ರ್... ಧಡ್!

ಕಿಟಕಿ ತೆರೆಯಿತು. ಗಾಳಿ ಬಂತು. ಇಬ್ಬನಿಯ ಕೂದಲು ಹಾರಿಸಿತು. ಕ್ಯಾಲೆಂಡರ್ ಹಾರಿಸಿತು. ಮನೆಯೊಳಗೆಲ್ಲ ಒಂದು ಸುತ್ತು ಸುತ್ತಿತು. ಬಂದ ಹಾಗೇ ಹೊರಗೆ ಹೋಯಿತು. ಹೋಗಿ ಬೀಸಿತು. ಬುರ್ರ್ರೋ ಅಂತ ಬೀಸಿತು.

ಗಾಳಿ ಬೀಸಿತು, ಕಂಬ ಅಲುಗಿತು. ಕಾಗೆಯೆಲ್ಲ ಒಟ್ಟಿಗೇ ಎದ್ದವು.

ಕಂಬ ಅಲುಗಿತು, ಡಬ್ಬಿ ಕಣ್ಣು ಮುಚ್ಚಿತು.

ಡಬ್ಬಿ ಕಣ್ಣು ಮುಚ್ಚಿತು, ದನಿ ನಿಂತಿತು. ಮಾತಿನ ನಡುವೆಯೇ ನಿಂತಿತು.

ದನಿ ನಿಂತಿತು, ಅಮ್ಮ ಕೈ ಎತ್ತಿದಳು.

ಅಮ್ಮ ಕೈ ಎತ್ತಿದಳು, ಕಂಪ್ಯೂಟರು ಮಲಗಿತು.

ಅಮ್ಮ ಕಿವಿಯ ಬಿರಡೆ ತೆಗೆದಳು. ಕಣ್ಣು ಉಜ್ಜಿಕೊಂಡಳು. ತಿರುಗಿದಳು. ಮುಖ ನೀಲಿ ಇರಲಿಲ್ಲ.

"ಅಯ್ಯೋ, ಕರೆಂಟು ಹೋಯ್ತು. ಇಬ್ಬನೀ! ಯಾವಾಗಿಂದ ನಿಂತಿದೀಯೇ ಇಲ್ಲಿ? ಯಾಕೆ ಅಳ್ತಾ ಇದೀಯ?"

"ಅಮ್ಮಾ, ಬೆಲ್ಲ ಗಂಟಿನೊಳಗೆ ಹೋಯ್ತು. ಬರ್ತಾ ಇಲ್ಲ. ಮಿಯಾಂವ್ ಅಂತಲೂ ಅನ್ನಲ್ಲ."

ಅಮ್ಮ ದಡಕ್ಕನೆ ಎದ್ದಳು. ಮತ್ತೆ ಕರೆಂಟು ಬಂದುಬಿಟ್ಟರೆ? ಮೊದಲು ಸ್ವಿಚ್ಚು ಆರಿಸಿದಳು. ಟಕ್.

ಸ್ವಿಚ್ಚು ಆರಿತು, ಗಂಟು ಬಿಟ್ಟಿತು. ಉಸ್ಸ್... ಅಂತ ಸಡಿಲವಾಯಿತು.

ಗಂಟು ಬಿಟ್ಟಿತು. ಬೆಲ್ಲ...

ಬೆಲ್ಲ ಬರಲಿಲ್ಲ.

ಅಮ್ಮ ನೆಲಕ್ಕೆ ಕೂತಳು. ಗಂಟಿನೊಳಗೆ ಕೈ ಹಾಕಿದಳು. ಮೊಣಕೈವರೆಗೆ ಹೋಯಿತು. ಭುಜದವರೆಗೆ ಹೋಯಿತು. ಆಚೆ ಗೋಡೆ ಇರಬೇಕು. ಗೋಡೆ ಸಿಗಲಿಲ್ಲ.

"ಇಷ್ಟು ಆಳ ಇದೆಯಾ ಇದು?" ಅಮ್ಮ ಪಿಸುಗುಟ್ಟಿದಳು. "ಇಬ್ಬನೀ, ನೀನು ಕರಿ. ನಿನ್ನ ದನಿ ಅದಕ್ಕೆ ಗೊತ್ತು. ಕರಿ."

ಇಬ್ಬನಿ ಅಮ್ಮನ ಸೊಂಟ ಗಟ್ಟಿಯಾಗಿ ಹಿಡಿದಳು. ಕತ್ತಲೆಯ ಕಡೆ ಮುಖ ಮಾಡಿದಳು.

"ಬೆಲ್ಲಾ! ಬೆಲ್ಲಾ, ಬಾ! ಸ್ವಿಚ್ಚು ಆರಿದೆ. ಗಂಟು ಬಿಟ್ಟಿದೆ. ಅಮ್ಮ ಬಂದಿದ್ದಾಳೆ. ಬಾ!"

ತುಂಬಾ ಒಳಗೆ ಎರಡು ಚುಕ್ಕಿ ಕಾಣಿಸಿದವು. ಸಣ್ಣ ಚುಕ್ಕಿ. ದೊಡ್ಡದಾದವು. ಇನ್ನೂ ದೊಡ್ಡದಾದವು. ಎರಡು ಕಣ್ಣಾದವು. ಅಮ್ಮನ ಬೆರಳಿಗೆ ಕೂದಲು ಸಿಕ್ಕಿತು.

"ಸಿಕ್ತು!"

ಬೆಲ್ಲನ ಹೊಟ್ಟೆಗೆ ಒಂದು ವೈರು ಸುತ್ತಿತ್ತು. ಅಮ್ಮ ಸುತ್ತು ಬಿಡಿಸಿದಳು. ಮೆಲ್ಲಗೆ ಎಳೆದಳು. ಬೆಲ್ಲ ಹೊರಗೆ ಬಂತು. ಮೈಯೆಲ್ಲ ಧೂಳು. ಮೀಸೆಯೆಲ್ಲ ಜೇಡರಬಲೆ.

"ಮಿಯಾಂವ್" ಅಂತು. ಹತ್ತಿರದಿಂದ ಅಂತು.

ಇಬ್ಬನಿ ಎತ್ತಿ ಎದೆಗೆ ಒತ್ತಿಕೊಂಡಳು. ಅಮ್ಮ ಇಬ್ಬರನ್ನೂ ಸೇರಿಸಿ ಒತ್ತಿಕೊಂಡಳು. ಕರೆಂಟು ಬರುವವರೆಗೆ ಮೂವರೂ ಹಾಗೇ ಕೂತಿದ್ದರು. ಕರೆಂಟು ಬಂದಮೇಲೂ ಕೂತಿದ್ದರು. ಅಮ್ಮ ಸ್ವಿಚ್ಚು ಹಾಕಲಿಲ್ಲ.

ಬೆಳಿಗ್ಗೆ ಬಿಸಿಲು ಬಂತು. ಅಮ್ಮ ಹಳೇ ಸೀರೆಗಳ ಅಂಚು ಹರಿದು ಪಟ್ಟಿ ಮಾಡಿದಳು. ಗೋಡೆಯಿಂದ ವೈರಿನ ಪಿನ್ನೆಲ್ಲ ಕಿತ್ತಳು. ಒಂದೊಂದೇ ವೈರು ಬಿಡಿಸಿದಳು. ಇಬ್ಬನಿ ಕೇಳಿದಳು, ಅಮ್ಮ ಹೇಳಿದಳು.

"ಇದು ಯಾರದ್ದು?"

"ಕಂಪ್ಯೂಟರಿನದ್ದು." ಸುತ್ತಿ, ಕೆಂಪು ಪಟ್ಟಿ ಕಟ್ಟಿದರು.

"ಇದು ಯಾರದ್ದು?"

"ದೀಪದ್ದು." ಸುತ್ತಿ, ಹಳದಿ ಪಟ್ಟಿ ಕಟ್ಟಿದರು.

"ಇದು ಯಾರದ್ದು?"

"ಫೋನಿನದ್ದು." ಸುತ್ತಿ, ಹಸಿರು ಪಟ್ಟಿ ಕಟ್ಟಿದರು.

"ಇದು?"

ಅಮ್ಮ ಆ ತುದಿ ನೋಡಿದಳು. ಈ ತುದಿ ನೋಡಿದಳು. "ಇದು ನಮ್ಮನೇದಲ್ಲ" ಅಂದಳು. ಗುಜರಿಯವನ ಗಾಡಿ ಬಂದಾಗ ಕೊಟ್ಟುಬಿಟ್ಟಳು.

ಮೇಜಿನ ಹಲಗೆಯ ಅಡಿಗೆ ಒಂದು ಬುಟ್ಟಿ ಕಟ್ಟಿದರು. ವೈರೆಲ್ಲ ಬುಟ್ಟಿಯೊಳಗೆ ಮಲಗಿದವು. ಮೇಜಿನ ಮೇಲೂ ಒರೆಸಿದರು. ಕೆಳಗೆ ಗುಡಿಸಿದರು. ಅಲ್ಲಿ ಈಗ ನೆಲ ಇತ್ತು. ನೆಲದ ಆಚೆ ಗೋಡೆ ಇತ್ತು. ಇಬ್ಬನಿ ಗೋಡೆಯನ್ನು ತಟ್ಟಿ ತಟ್ಟಿ ನೋಡಿದಳು. ಗಟ್ಟಿಯಾಗಿತ್ತು.

ಬೆಲ್ಲ ಮಾತ್ರ ಆ ಮೇಜಿನ ಕೆಳಗೆ ಹೋಗಲ್ಲ. ದಾರಿ ಸುತ್ತಿ ಹೋಗುತ್ತೆ. ಅಷ್ಟು ಹೊತ್ತು ಒಳಗೆ ಏನು ನೋಡಿತು? ಇಬ್ಬನಿ ಎಷ್ಟೋ ಸಲ ಕೇಳಿದಳು. ಬೆಲ್ಲ ಅವಳ ಮುಖ ನೋಡುತ್ತೆ. ಕಣ್ಣು ಅಗಲ ಮಾಡುತ್ತೆ. ಹೇಳಲ್ಲ.

ನನಗೆ ಗೊತ್ತಿರೋದು ಇಷ್ಟೇ. ಎದ್ದು ಯಾರಾದರೂ ದೀಪ ಹಾಕಿ.